ಸತ್ಯ ನುಡಿಯುವುದೆಂದರೇನು?



ತರಗತಿಯಲ್ಲಿ, ಎಲ್ಲ ಮಕ್ಕಳ ಎದುರಿಗೆ, ಶಿಕ್ಷಕನೊಬ್ಬ ಒಬ್ಬ ಬಾಲಕನನ್ನು ಕೇಳುತ್ತಾನೆ: ಅವನ ತಂದೆ ಆಗಾಗ ಕುಡಿದು ಮನೆಗೆ ಬರುವುದು ನಿಜವೇ ಎಂದು. ಸಂಗತಿ ನಿಜ, ಆದರೂ ಬಾಲಕ ಅಲ್ಲವೆನ್ನುತ್ತಾನೆ. ಇಲ್ಲಿ ತಪ್ಪಿದವರು ಯಾರು? ಜರ್ಮನಿಯ ಕ್ರೈಸ್ತ ದೈವಶಾಸ್ತ್ರಜ್ಞ ಡೀಟ್ರಿಶ್ ಬೊನ್‌ಹೋಫರ್ ತಮ್ಮ ಅಪೂರ್ಣ ಪ್ರಬಂಧವೊಂದರಲ್ಲಿ ವಿವೇಚಿಸಿದ ಪ್ರಸಂಗವಿದು.

ಈ ಚರ್ಚೆ ಬಹಳ ಹಳೆಯದು. ಸುಳ್ಳಿನ ಕುರಿತೇ ಎರಡು ಗ್ರಂಥಗಳನ್ನು ಬರೆದ ಸಂತ ಅಗಸ್ಟೀನರು (354–430) ಪ್ರಾಣರಕ್ಷಣೆಗಾಗಿ ಆಡಿದ ಸುಳ್ಳೂ ಪಾಪವೇ ಎಂದರು. ಆದರೆ ಸುಳ್ಳಾಡದವನು ಗುಟ್ಟನ್ನು ಬಿಟ್ಟುಕೊಡಲೇಬೇಕೆಂದು ಅವರು ವಿಧಿಸಲಿಲ್ಲ. ಮೊರೆಹೊಕ್ಕವನನ್ನು ಬಚ್ಚಿಟ್ಟು, ಸುಳ್ಳನ್ನೂ ನುಡಿಯದೆ, ಅವನನ್ನೂ ಒಪ್ಪಿಸದೆ, ಚಿತ್ರಹಿಂಸೆಯನ್ನು ಸಹಿಸಿದ ಬಿಷಪ್ ಫಿರ್ಮಸನನ್ನು ಕೊಂಡಾಡಿದರು.

ಇಮ್ಯಾನುಯೆಲ್ ಕಾಂಟರು ಅದೇ ತೀರ್ಮಾನಕ್ಕೆ ಬೇರೆ ದಾರಿಯಿಂದ ಬಂದರು. ಕೊಲೆಗಡುಕನೇ ಬಾಗಿಲಿಗೆ ಬಂದು ಒಳಗೆ ಅಡಗಿರುವ ಗೆಳೆಯನನ್ನು ಕೇಳಿದರೂ ಸುಳ್ಳಾಡುವ ಹಕ್ಕಿಲ್ಲವೆಂದು 1797ರಲ್ಲಿ ವಾದಿಸಿದರು. ಅವರ ಆಧಾರ ದೈವಾಜ್ಞೆಯಲ್ಲ, ವಿಚಾರಶಕ್ತಿ: ಒಂದು ಸುಳ್ಳಿಗೆ ಹಕ್ಕು ಕೊಟ್ಟರೆ ಮಾತನ್ನೇ ನೆಚ್ಚಿ ನಿಂತ ಎಲ್ಲ ಕರಾರುಗಳ ಬುಡ ಸಡಿಲುತ್ತದೆ. ಜಾನ್ ಸ್ಟೂವರ್ಟ್ ಮಿಲ್ಲರು ಪರಿಣಾಮವನ್ನು ತೂಗಿದರು. ಸತ್ಯನಿಷ್ಠೆ ಸಮಾಜಹಿತದ ಅಡಿಗಲ್ಲೆಂದು ಒಪ್ಪಿಯೂ, ಒಬ್ಬರನ್ನು ಘೋರ ಕೇಡಿನಿಂದ ಉಳಿಸಲು ವಿನಾಯಿತಿಯುಂಟೆಂದರು. ಆ ವಿನಾಯಿತಿಗೆ ಮೇರೆ ಇರಬೇಕೆಂದೂ ಎಚ್ಚರಿಸಿದರು.

ಬೊನ್‌ಹೋಫರರಿಗೆ ಇದು ಬರಿಯ ತರ್ಕವಾಗಿರಲಿಲ್ಲ. ಹಿಟ್ಲರನ ಆಡಳಿತ ಅವರನ್ನು 1943ರ ಏಪ್ರಿಲ್‌ನಲ್ಲಿ ಬಂಧಿಸಿತು. 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಿತು. ವಿಚಾರಣೆಯಲ್ಲಿ ಬಾಯಿತಪ್ಪಿ ಬಂದ ಒಂದು ಹೆಸರು ಮತ್ತೊಬ್ಬರ ಪ್ರಾಣಕ್ಕೆ ಎರವಾಗಬಹುದಿತ್ತು. ಸೆರೆಯಲ್ಲಿದ್ದು ಅವರು ಕಂಡುಕೊಂಡದ್ದು ಇಷ್ಟು: ಯಾರು, ಯಾರನ್ನು, ಯಾವ ಅಧಿಕಾರದಿಂದ ಕೇಳುತ್ತಿದ್ದಾರೆಂಬುದನ್ನು ಬಿಟ್ಟು ಮಾತಿನ ಸತ್ಯವನ್ನು ಅಳೆಯಲಾಗದು. ಬಾಲಕನ ಮಾತು ಸುಳ್ಳೇ. ಆದರೆ ಮನೆಯ ಮಾನ ಕಾಯಲು ಆ ಎಳೆಯ ಜೀವಕ್ಕೆ ಬೇರೆ ಮಾತು ತಿಳಿದಿರಲಿಲ್ಲ. ದೋಷ ಕೇಳಿದವನದು.

ಬರೆಯದ ಮನೆಪಾಠವನ್ನು ಬರೆದೆನೆಂದು ಹೇಳುವ ಮಗುವಿಗೆ ಈ ರಕ್ಷಣೆಯಿಲ್ಲ. ಅಲ್ಲಿ ಕೇಳುವುದು ಶಿಕ್ಷಕನ ಹಕ್ಕು. ಆದರೆ ಮನೆಯ ಬಡತನ, ತಂದೆಯ ಚಟ, ತಾಯಿಯ ಕಣ್ಣೀರು ತರಗತಿಯ ನಡುವೆ ವಿಚಾರಿಸತಕ್ಕವಲ್ಲ. ಸತ್ಯವನ್ನು ಕಲಿಸುವವರು, ಸುಳ್ಳಾಡದೆ ಮಗು ಪಾರಾಗಲಾರದಂಥ ಪ್ರಶ್ನೆಯನ್ನು ನಾಲ್ವರೆದುರು ಕೇಳಬಾರದು. ಮಗುವಿನ ಉತ್ತರಕ್ಕೆ ಅಂಕವಿಡುವ ಮೊದಲು ಶಿಕ್ಷಕರು ತಮ್ಮ ಪ್ರಶ್ನೆಯನ್ನೇ ಒಮ್ಮೆ ತಿದ್ದಿ ನೋಡುವುದು ಒಳಿತು.