ರೂಮು ನಮ್ಮದು, ಅತಿಥಿ ಯಾರವನು?

ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು ಜಿಲ್ಲೆಗಳಿಂದ ಹೋಟೆಲ್ ಮತ್ತು ಲಾಡ್ಜ್ ಮಾಲೀಕ ಬಂಧುಗಳು ಕೆಲಸ ಬಿಟ್ಟು ಬಂದಿದ್ದೀರಿ. ಈ ಸಮ್ಮೇಳನದ ಅಧ್ಯಕ್ಷತೆ ಕೊಟ್ಟಿದ್ದಕ್ಕೆ ಕೃತಜ್ಞ. ಹಿಂದಿನ ಅಧ್ಯಕ್ಷರು ಸಂಘಕ್ಕೆ ಸ್ವಂತ ಕಚೇರಿ ಮಾಡಿಕೊಟ್ಟರು, ಲೆಕ್ಕಪತ್ರ ಶುದ್ಧವಾಗಿಟ್ಟರು, ವಾರ್ಷಿಕ ಸಭೆ ತಪ್ಪಿಸಲಿಲ್ಲ. ಅವರಿಗೆ ವಂದನೆ. ಉಡುಪಿ ಹೋಟೆಲುಗಳ ಕೀರ್ತಿ, ಎಂ.ಟಿ.ಆರ್. ನೂರು ವರ್ಷ ಪೂರೈಸಿದ ಹೆಮ್ಮೆ, ಇವನ್ನೆಲ್ಲ ಸ್ವಾಗತ ಭಾಷಣದಲ್ಲಿ ಚೆನ್ನಾಗಿ ಹೇಳಿದ್ದಾರೆ. ನಾನು ನೇರ ವಿಷಯಕ್ಕೆ ಬರುತ್ತೇನೆ.

ಅತಿಥಿ ಬದಲಾಗಿದ್ದಾನೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನೆಯಾಯಿತು. ಮೂರು ಗಂಟೆಯ ದಾರಿ ಅರ್ಧಕ್ಕೆ ಇಳಿಯಿತು. ರಸ್ತೆ ಬೇಕಿತ್ತು, ಅದನ್ನು ದೂರುವುದಿಲ್ಲ. ಆದರೆ ಬೆಂಗಳೂರಿನ ಸಂಸಾರ ಈಗ ಬೆಳಿಗ್ಗೆ ಬಂದು ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ಮುಗಿಸಿ ರಾತ್ರಿ ಊಟಕ್ಕೆ ಮನೆ ಸೇರುತ್ತದೆ. ಬಿಡದಿಯ ತಟ್ಟೆ ಇಡ್ಲಿ, ಮದ್ದೂರಿನ ವಡೆ ನಂಬಿದ್ದ ನಮ್ಮ ಸದಸ್ಯರ ಅಂಗಡಿಗಳ ಮುಂದೆ ನಿಲ್ಲುತ್ತಿದ್ದ ಕಾರುಗಳು ಬೈಪಾಸಿನಲ್ಲಿ ಹೋಗುತ್ತಿವೆ. ಅದೇ ವರ್ಷ ಜೂನ್ 11ರಂದು ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾಯಿತು. ಹೆಣ್ಣುಮಕ್ಕಳು ಹತ್ತು ಹನ್ನೆರಡು ಜನ ಗುಂಪು ಕಟ್ಟಿಕೊಂಡು ನಂಜನಗೂಡಿಗೆ, ಮಲೆ ಮಹದೇಶ್ವರ ಬೆಟ್ಟಕ್ಕೆ, ಧರ್ಮಸ್ಥಳಕ್ಕೆ ಹೊರಡುತ್ತಿದ್ದಾರೆ. ಅವರು ಕೇಳುವುದು ಎ.ಸಿ. ರೂಮಲ್ಲ. ಎಲ್ಲರೂ ಒಟ್ಟಿಗೆ ಮಲಗುವ ಒಂದು ದೊಡ್ಡ ಕೋಣೆ, ಭದ್ರವಾದ ಚಿಲಕ, ಬೆಳಿಗ್ಗೆ ಐದಕ್ಕೆ ಬಿಸಿನೀರು. ಎರಡು ಹಾಸಿಗೆಯ ಕೋಣೆಗಳನ್ನೇ ಸಾಲಾಗಿ ಕಟ್ಟಿಕೊಂಡ ನಾವು ಇಷ್ಟು ದೊಡ್ಡ ಹೊಸ ಅತಿಥಿವರ್ಗಕ್ಕೆ ಇನ್ನೂ ಬಾಗಿಲು ತೆರೆದಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಕೊಡಗಿನ ಸದಸ್ಯರನ್ನು ಕೇಳಿ. ಅಲ್ಲಿ ಅತಿಥಿ ಮೊದಲು ಕೇಳುವುದು ವೈಫೈ ವೇಗ, ಆಮೇಲೆ ಊಟ. ಲ್ಯಾಪ್‌ಟಾಪ್ ತಂದು ವಾರಗಟ್ಟಲೆ ಇರುವವರಿದ್ದಾರೆ. ಇನ್ನೊಂದು ಕಡೆ, ದಸರಾಕ್ಕೆ ತಿಂಗಳ ಮೊದಲೇ ಫೋನು ಮಾಡಿ ರೂಮು ಹಿಡಿಯುತ್ತಿದ್ದ ಮನೆಗಳು ಈಗ ಹೊರಡುವ ದಿನ ಬುಕ್ ಮಾಡಿ, ಮನಸ್ಸು ಬದಲಾದರೆ ಶುಲ್ಕವಿಲ್ಲದೆ ರದ್ದು ಮಾಡುತ್ತವೆ. ಫೋನಿನಿಂದ ತೆರೆಯುವ ಬೀಗ, ಕೌಂಟರಿಗೆ ಬಾರದೆಯೇ ಆಗುವ ಚೆಕ್‌ಇನ್, ಗಂಟೆಗೊಮ್ಮೆ ದರ ತಿದ್ದುವ ತಂತ್ರಾಂಶ, ಇವೆಲ್ಲ ಬರಲಿ. ದುಡ್ಡಿದ್ದವರು ಹಾಕಿಸಿ, ಇಲ್ಲದವರು ಕಾಯಿರಿ. ಅದರಿಂದ ಯಾರ ಲಾಡ್ಜೂ ಮುಚ್ಚುವುದಿಲ್ಲ.

ಲಾಡ್ಜ್ ಮುಚ್ಚಿಸುತ್ತಿರುವುದು ಬೇರೆ. ಸಂಘಕ್ಕೆ ಸೇರಿದಂದಿನಿಂದ ಪ್ರತಿ ಸಭೆಯಲ್ಲೂ ನಾನು ಎತ್ತಿರುವುದು ಈ ಒಂದೇ ಪ್ರಶ್ನೆಯನ್ನು. ಬುಕಿಂಗ್ ಆ್ಯಪ್‌ಗಳು ನಮ್ಮ ಮತ್ತು ಅತಿಥಿಯ ನಡುವೆ ಬಂದು ಕುಳಿತಿವೆ. ಬಾವಿ ನಮ್ಮದು, ಹಗ್ಗ ಬೇರೆಯವರ ಕೈಯಲ್ಲಿದೆ.

ದಿನವೂ ನಡೆಯುವುದನ್ನೇ ಹೇಳುತ್ತೇನೆ. ಅತಿಥಿ ನಮ್ಮ ಕೌಂಟರಿನ ಮುಂದೆ ನಿಂತು ದರ ಕೇಳುತ್ತಾನೆ. ಎರಡು ಸಾವಿರ ಎನ್ನುತ್ತೇವೆ. ಅವನು ಅಲ್ಲೇ ಫೋನು ತೆಗೆದು ನೋಡುತ್ತಾನೆ, ಆ್ಯಪ್‌ನಲ್ಲಿ ಮುನ್ನೂರು ಕಡಿಮೆ. ನಮ್ಮ ಕಣ್ಣೆದುರೇ, ನಮ್ಮ ವೈಫೈನಲ್ಲೇ, ನಮ್ಮದೇ ರೂಮನ್ನು ಆ್ಯಪ್ ಮೂಲಕ ಬುಕ್ ಮಾಡುತ್ತಾನೆ. ಅವನ ತಪ್ಪೇನಿಲ್ಲ. ಆ ಮುನ್ನೂರು ರೂಪಾಯಿ ರಿಯಾಯಿತಿಯಲ್ಲಿ ನಮ್ಮ ಪಾಲಿದೆ, ನಾವು ಕೊಟ್ಟ ಕಮಿಷನ್ನಿನ ಪಾಲಿದೆ ಎಂದು ಅವನಿಗೆ ಯಾರೂ ಹೇಳಿಲ್ಲ.

ಲೆಕ್ಕ ನೋಡಿ. ರಿಯಾಯಿತಿಯನ್ನು ಪಕ್ಕಕ್ಕಿಟ್ಟು, ಎರಡು ಸಾವಿರದ ರೂಮಿಗೆ ಶೇ 20 ಕಮಿಷನ್ ಹಿಡಿದರೆ 400 ರೂಪಾಯಿ. ಆ ಕಮಿಷನ್ ಮೇಲೆ ಶೇ 18 ಜಿ.ಎಸ್.ಟಿ., ಅಂದರೆ 72. ಒಟ್ಟು 472. ಕೈಗೆ ಬರುವುದು 1528. ಟಿ.ಸಿ.ಎಸ್., ಟಿ.ಡಿ.ಎಸ್. ಎಂದು ಮುರಿಯುವ ಹನ್ನೆರಡು ರೂಪಾಯಿ ಮುಂದೆ ಹೊಂದಾಣಿಕೆಯಾಗುತ್ತದೆ, ಅದನ್ನು ಬಿಡೋಣ. ಆದರೆ ಆ 72 ಎಲ್ಲಿಗೆ ಹೋಯಿತು? ಮೊದಲು ರೂಮಿನ ತೆರಿಗೆ ಶೇ 12 ಇದ್ದಾಗ ಅದನ್ನು ಹೂಡುವಳಿ ತೆರಿಗೆ ಜಮೆಯಾಗಿ ಹಿಂಪಡೆಯುತ್ತಿದ್ದೆವು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7500 ರೂಪಾಯಿವರೆಗಿನ ರೂಮುಗಳಿಗೆ ತೆರಿಗೆ ಶೇ 5ಕ್ಕೆ ಇಳಿಯಿತು, ಜಮೆ ಸೌಲಭ್ಯ ಹೋಯಿತು. ತೆರಿಗೆ ಇಳಿದಿದೆ ಎಂದು ಪತ್ರಿಕೆಗಳು ಬರೆದವು, ಅತಿಥಿಗೆ ಖುಷಿಯಾಯಿತು, ಅದು ಸರಿಯೇ. ಆದರೆ ಆ್ಯಪ್ ಕಮಿಷನ್, ಕಟ್ಟಡದ ಬಾಡಿಗೆ, ರಿಪೇರಿ, ಹೊಸ ಲಿಫ್ಟ್, ಇವುಗಳ ಮೇಲೆ ನಾವು ಕಟ್ಟುವ ತೆರಿಗೆಯೆಲ್ಲ ಈಗ ನಮ್ಮ ಖರ್ಚಿಗೇ ಸೇರುತ್ತಿದೆ. ಆ್ಯಪ್‌ನಿಂದ ಹೆಚ್ಚು ಬುಕಿಂಗ್ ಬಂದಷ್ಟೂ ಈ ನಷ್ಟ ಹೆಚ್ಚು. ಸಣ್ಣ ಲಾಡ್ಜ್‌ಗಳಿಗೆ ಇದರ ಏಟು ಎಷ್ಟೆಂದು ಲೆಕ್ಕ ಹಾಕಿದವರು ನಮ್ಮಲ್ಲೇ ಕಡಿಮೆ.

ದುಡ್ಡಿಗಿಂತ ದೊಡ್ಡದು ಇನ್ನೊಂದಿದೆ. ಅತಿಥಿ ಬಂದು ರಿಜಿಸ್ಟರಿನಲ್ಲಿ ಬರೆಯುವವರೆಗೆ ಅವನ ನಿಜವಾದ ಇ-ಮೇಲ್ ನಮಗೆ ಸಿಗುವುದಿಲ್ಲ. ಮುಖವಾಡದ ವಿಳಾಸವೊಂದು ಬರುತ್ತದೆ. ಅವನಿಗೆ ಏನು ಇಷ್ಟ, ಮುಂದಿನ ರಜೆ ಯಾವಾಗ, ಎಷ್ಟು ಖರ್ಚು ಮಾಡುತ್ತಾನೆ, ಎಲ್ಲ ಆ್ಯಪ್‌ಗೆ ಗೊತ್ತು. ಮುಂದಿನ ಸಲ ಅವನು ಮೈಸೂರೆಂದು ಹುಡುಕಿದರೆ ನಮ್ಮ ಹೆಸರು ಮೇಲೆ ಬರಬೇಕಾದರೆ ನಾವು ಮತ್ತಷ್ಟು ಕಮಿಷನ್ ಕೊಡಬೇಕು. ಹಿಂದೆ ಒಂದು ಸಂಸಾರ ಮೂರು ತಲೆಮಾರು ಒಂದೇ ಲಾಡ್ಜಿಗೆ ಬರುತ್ತಿತ್ತು. ಹೆಸರು ಹಿಡಿದು ಮಾತಾಡಿಸುತ್ತಿದ್ದೆವು. ಆ ಸಂಬಂಧವೇ ನಮ್ಮ ಬಂಡವಾಳ, ಅದೇ ಕೈಜಾರುತ್ತಿದೆ.

ಇದು ನಮ್ಮ ಗೊಣಗಾಟವಷ್ಟೇ ಎನ್ನುವವರಿಗೆ ಒಂದು ಮಾತು. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್–ಗೋಐಬಿಬೋಗೆ 223.48 ಕೋಟಿ, ಓಯೋಗೆ 168.88 ಕೋಟಿ ರೂಪಾಯಿ ದಂಡ ಹಾಕಿತು. ಆ್ಯಪ್‌ಗಿಂತ ಕಡಿಮೆ ದರಕ್ಕೆ ಬೇರೆಲ್ಲೂ ರೂಮು ಮಾರಬಾರದು ಎಂಬ ಬಗೆಯ ಷರತ್ತುಗಳನ್ನು ಒಪ್ಪಂದಗಳಿಂದ ತೆಗೆಯುವಂತೆ ಮೇಕ್‌ಮೈಟ್ರಿಪ್–ಗೋಐಬಿಬೋಗೆ ಹೇಳಿತು. ಯುರೋಪಿನಲ್ಲೂ 2024ರಲ್ಲಿ ಬುಕಿಂಗ್ ಡಾಟ್ ಕಾಮ್ ಇಂಥದೇ ಷರತ್ತನ್ನು ಕೈಬಿಡಬೇಕಾಯಿತು. ಆದರೂ ನಮ್ಮ ಊರಿನ ಎಷ್ಟೋ ಮಾಲೀಕರು ಕೌಂಟರಿನಲ್ಲಿ ಐವತ್ತು ರೂಪಾಯಿ ಕಡಿಮೆ ಮಾಡಲು ಇಂದಿಗೂ ಹೆದರುತ್ತಾರೆ. ಆ ಆದೇಶದ ಸಾರವನ್ನು ಒಂದು ಪುಟ ಕನ್ನಡದಲ್ಲಿ ಬರೆದು ಸದಸ್ಯರಿಗೆ ಹಂಚಿ ಎಂದು ನಾನು ಎಷ್ಟು ಸಲ ಹೇಳಿದರೂ ಕಾರ್ಯಕಾರಿ ಸಮಿತಿಯಲ್ಲಿ ಅದು ಮುಂದಿನ ಸಭೆಗೆ, ಅದರ ಮುಂದಿನ ಸಭೆಗೆ ಹೋಯಿತು. ಸರ್ಕಾರಕ್ಕೆ ಕೊಟ್ಟ ಮನವಿಗಳಿಗೂ ಸ್ವೀಕೃತಿ ಮುದ್ರೆ ಬಿಟ್ಟರೆ ಬೇರೇನೂ ಸಿಕ್ಕಿಲ್ಲ.

ಹಳೆಯ ಮಾತೊಂದು ಎತ್ತುತ್ತೇನೆ, ಕೆಲವರಿಗೆ ಬೇಸರವಾಗಬಹುದು. ಕೆಲವು ವರ್ಷಗಳ ಹಿಂದೆ ಇದೇ ಸಂಘದಲ್ಲಿ, ಒಂದು ಆ್ಯಪ್ ಏಕಪಕ್ಷೀಯವಾಗಿ ಕಮಿಷನ್ ಏರಿಸಿದಾಗ, ಅದಕ್ಕೆ ರೂಮು ಕೊಡುವುದಿಲ್ಲವೆಂದು ಎಲ್ಲರೂ ಕೈ ಎತ್ತಿದ್ದೆವು. ವಾರ ಕಳೆಯುವುದರಲ್ಲಿ ಆ ಕೈ ಎತ್ತಿದವರಲ್ಲೇ ಕೆಲವರು ಆ್ಯಪ್‌ನಿಂದ ಹೊರಗುಳಿದವರ ಜಾಗ ತುಂಬಲು ಅದಕ್ಕೇ ರಿಯಾಯಿತಿ ದರದಲ್ಲಿ ರೂಮು ಕೊಟ್ಟರು. ಮಾತಿಗೆ ನಿಂತ ಸಣ್ಣ ಲಾಡ್ಜಿನವರು ಆ ಸೀಸನ್ ಪೂರ್ತಿ ಖಾಲಿ ಕುಳಿತರು. ಅವರಲ್ಲಿ ಇಬ್ಬರು ಇಂದು ಈ ಉದ್ಯಮದಲ್ಲಿಲ್ಲ. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಮತ್ತೆ ಹಾಗೆ ಬಹಿಷ್ಕಾರ ಮಾಡೋಣ ಎಂದು ಹೇಳುತ್ತಿಲ್ಲ. ನಾವೇ ಕೂಡಿಕೊಂಡು ದರ ಕಟ್ಟಿದರೆ, ರೂಮು ತಡೆದರೆ, 2002ರ ಸ್ಪರ್ಧಾ ಕಾಯ್ದೆಯ ಕೈ ನಮ್ಮ ಮೇಲೂ ಬೀಳುತ್ತದೆ. ದಾರಿ ಬೇರೆ ಇದೆ.

ಮೊದಲನೆಯದು ತೆರಿಗೆ. 7500ರೊಳಗಿನ ರೂಮುಗಳಿಗೆ ಜಮೆ ಸೌಲಭ್ಯವಿರುವ ದರವನ್ನು ಆಯ್ದುಕೊಳ್ಳುವ ಅವಕಾಶ ಬೇಕು. ಅದಾಗದಿದ್ದರೆ ಕಮಿಷನ್ ಮೇಲಿನ ತೆರಿಗೆಗಾದರೂ ಜಮೆ ಬೇಕು. ಇದನ್ನು ರಾಜ್ಯ ಸರ್ಕಾರ ಜಿ.ಎಸ್.ಟಿ. ಮಂಡಳಿಯಲ್ಲಿ ಎತ್ತಲಿ. ಇದರ ಜೊತೆಗೆ, ಆ್ಯಪ್‌ಗಳು ಅತಿಥಿಯ ಬಿಲ್ಲಿನಲ್ಲೇ ಹೋಟೆಲಿಗೆ ಎಷ್ಟು, ಕಮಿಷನ್ ಎಷ್ಟು, ರಿಯಾಯಿತಿಯ ಭಾರ ಯಾರ ಮೇಲೆ ಎಂದು ತೋರಿಸುವ ನಿಯಮ ಬರಬೇಕು. ಆ ಚೀಟಿ ನೋಡಿದ ಅತಿಥಿಯೇ ಮುಂದಿನ ಸಲ ನಮಗೆ ನೇರ ಫೋನು ಮಾಡುತ್ತಾನೆ, ನನಗೆ ಆ ನಂಬಿಕೆಯಿದೆ.

ಎರಡನೆಯದಾಗಿ, ಸಂಘದಲ್ಲೇ ಒಪ್ಪಂದಗಳನ್ನು ಓದುವ ಒಬ್ಬ ವಕೀಲರನ್ನು ನೇಮಿಸೋಣ. ಪ್ರತಿ ಸದಸ್ಯರೂ ತಾವು ಸಹಿ ಹಾಕಿದ ಒಪ್ಪಂದ ತಂದು ತೋರಿಸಲಿ. ಗೂಗಲ್ 2021ರಿಂದಲೇ ಹೋಟೆಲುಗಳಿಗೆ ಉಚಿತವಾಗಿ ಬುಕಿಂಗ್ ಲಿಂಕ್ ಕೊಡುತ್ತಿದೆ. ಅದನ್ನು ಬಳಸುವವರು ನಮ್ಮಲ್ಲಿ ಬೆರಳೆಣಿಕೆ. ಗೂಗಲ್ ನಕ್ಷೆಯಲ್ಲಿ ನಿಮ್ಮ ಲಾಡ್ಜಿನ ಹೆಸರಿನ ಮೇಲೆ ಮಾಲೀಕರಾಗಿ ನಿಮ್ಮ ಹಕ್ಕು ದಾಖಲಿಸಿ. ಇಲ್ಲದಿದ್ದರೆ ವಂಚಕರು ನಿಮ್ಮ ಹೆಸರಿನಲ್ಲಿ ತಮ್ಮ ಫೋನ್ ನಂಬರ್ ಹಾಕಿ, ಮುಂಗಡ ಹಣ ತೆಗೆದುಕೊಂಡು ಮಾಯವಾಗುತ್ತಾರೆ. ಮಕ್ಕಳೊಡನೆ ಬಂದಿಳಿದ ಸಂಸಾರ ಜಗಳವಾಡುವುದು ನಿಮ್ಮ ಕೌಂಟರಿನಲ್ಲಿ. ಅಂಥವರಿಗೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನು ಮಾಡಲು ನೀವೇ ನೆರವಾಗಿ. ಇನ್ನೊಂದು ವಿಷಯ: ಪ್ರಯಾಣಿಕರು ಈಗ ಕೃತಕ ಬುದ್ಧಿಮತ್ತೆಯನ್ನು ಕೇಳಿ ಊರು, ಹೋಟೆಲು ಆರಿಸುತ್ತಿದ್ದಾರೆ. ಅದು ಅಂತರ್ಜಾಲದಲ್ಲಿ ಬರೆದಿದ್ದನ್ನೇ ಹೇಳುತ್ತದೆ. ನಮ್ಮ ಬಗ್ಗೆ ನಾವೇ ಏನೂ ಬರೆಯದಿದ್ದರೆ ಆ್ಯಪ್ ಬರೆದದ್ದೇ ಸತ್ಯವಾಗುತ್ತದೆ.

ನನ್ನದೊಂದು ದೊಡ್ಡ ಆಸೆಯೂ ಇದೆ. ಬೆಂಗಳೂರಿನ ಆಟೋ ಚಾಲಕರು ನಮ್ಮ ಯಾತ್ರಿ ಆ್ಯಪ್‌ನಲ್ಲಿ ಶೇಕಡಾವಾರು ಕಮಿಷನ್ ಇಲ್ಲದೆ, ನಿಗದಿತ ಶುಲ್ಕ ಕಟ್ಟಿ ಸವಾರಿ ಪಡೆಯುತ್ತಿದ್ದಾರೆ. ಆಟೋ ಓಡಿಸುವವರಿಗೆ ಸಾಧ್ಯವಾದದ್ದು ಹೋಟೆಲಿನವರಿಗೆ ಯಾಕೆ ಸಾಧ್ಯವಾಗಬಾರದು? ರಾಜ್ಯದ 31 ಜಿಲ್ಲೆಗಳ ರೂಮುಗಳೆಲ್ಲ ಒಂದೇ ಜಾಲದಲ್ಲಿ, ಕನ್ನಡದಲ್ಲೂ, ನಿಗದಿತ ಶುಲ್ಕದಲ್ಲಿ ಸಿಗಬೇಕು. ಹಾಗೆಯೇ ಅರಮನೆಯ ದೀಪಗಳು ಪ್ರತಿ ದಿನ ರಾತ್ರಿ ಒಂಬತ್ತರವರೆಗೆ ಉರಿಯಲಿ, ದೇವರಾಜ ಮಾರುಕಟ್ಟೆಯ ಸುತ್ತ ರಾತ್ರಿ ಸಂತೆ ನಡೆಯಲಿ. ಸಂಜೆಯ ನಂತರ ನೋಡಲು ಏನಾದರೂ ಇದ್ದರೆ ದಶಪಥದಲ್ಲಿ ಬಂದವರು ಇಲ್ಲೇ ಮಲಗುತ್ತಾರೆ. ಇದಕ್ಕೆಲ್ಲ ಹಣ ಎಲ್ಲಿಂದ ಎಂದು ಕೇಳುವವರಿಗೆ ಇವತ್ತು ನನ್ನ ಬಳಿ ಪೂರ್ಣ ಉತ್ತರವಿಲ್ಲ, ಆದರೆ ಕೇಳುವುದನ್ನು ಬಿಡಬಾರದು.

ಕೊನೆಗೆ ಅತಿಥಿಯ ಮಾಹಿತಿಯ ಬಗ್ಗೆ. ಆಧಾರ್ ಜೆರಾಕ್ಸ್‌ಗಳನ್ನು ಬೀರುವಿನಲ್ಲಿ ರಾಶಿ ಹಾಕುವುದು ನಿಲ್ಲಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ ದಂಡ 250 ಕೋಟಿಯವರೆಗೆ ಹೋಗಬಹುದು. ಕಡೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಸಿಗುತ್ತದೆ. ಪೊಲೀಸರು ಅದನ್ನೇ ಒಪ್ಪುವಂತೆ ಸ್ಪಷ್ಟ ಸುತ್ತೋಲೆ ಕೇಳೋಣ. ಅತಿಥಿ ಹೊರಡುವಾಗ ಅವನ ಒಪ್ಪಿಗೆ ಪಡೆದು, ಹೆಸರು ಮತ್ತು ಫೋನ್ ನಂಬರ್ ಮಾತ್ರ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ಮುಂದಿನ ದಸರಾಕ್ಕೆ ನೀವೇ ಫೋನು ಮಾಡಿ.

ಮಧ್ಯಾಹ್ನದ ಗೋಷ್ಠಿಯಲ್ಲಿ ತೆರಿಗೆ ಜಮೆ ಮತ್ತು ಬಿಲ್ಲಿನ ವಿವರದ ಎರಡು ನಿರ್ಣಯಗಳು ಮಂಡನೆಯಾಗುತ್ತವೆ. ಈ ಸಲ ಕೈ ಎತ್ತಿಸುವುದಿಲ್ಲ. ಒಂದು ಹಾಳೆಯ ಮೇಲೆ ನಿಮ್ಮ ಹೋಟೆಲಿನ ಮುದ್ರೆ ಹಾಕಿ, ಸಹಿ ಮಾಡಿ, ಕಳೆದ ತಿಂಗಳು ಆ್ಯಪ್‌ಗಳಿಗೆ ಕಟ್ಟಿದ ಕಮಿಷನ್ ಎಷ್ಟೆಂದು ಬರೆದು ಕೊಡಿ. ಆ ಅಂಕಿಗಳನ್ನು ಕೈಯಲ್ಲಿ ಹಿಡಿದು ನಾನು ಬೆಂಗಳೂರಿಗೆ ಹೋಗುತ್ತೇನೆ, ಬೇಕಾದರೆ ದೆಹಲಿಗೂ. ಊಟಕ್ಕೆ ಏಳುವ ಮೊದಲು ದಯವಿಟ್ಟು ಆ ಹಾಳೆ ತುಂಬಿ ಕೊಡಿ.