ರಿಪೋರ್ಟ್ ನೆಗೆಟಿವ್ ಬಂತು, ಮಗುಗೆ ರಕ್ತ ಎಷ್ಟಿದೆ?



ಕಳೆದ ಎಪಿಸೋಡ್ ಕೇಳಿ ಒಬ್ರು ಅಕ್ಕ ವಾಯ್ಸ್ ನೋಟ್ ಕಳಿಸಿದ್ರು. ಅವರಿಗೆ ಎಚ್‌ಐವಿ ಇದೆ. "18 ತಿಂಗಳಿಗೆ ಮಾಡಿದ ಕೊನೇ ಟೆಸ್ಟಲ್ಲೂ ಮಗುಗೆ ನೆಗೆಟಿವ್ ಬಂತಪ್ಪ. ಇನ್ನು ಆಸ್ಪತ್ರೆ ಸಹವಾಸ ಸಾಕು" ಅಂದ್ರು. ನಂಗೂ ಖುಷಿ ಆಯ್ತು. ಆದ್ರೆ ಆ 'ಸಾಕು' ಅನ್ನೋ ಮಾತು ಕೊರೀತಾ ಇತ್ತು. ಅದಕ್ಕೇ ಇವತ್ತಿನ ಮಾತು.

ಟಾಂಜಾನಿಯಾದ ದಾರ್ ಎಸ್ ಸಲಾಮ್ ನಗರದಲ್ಲಿ 1995ರಲ್ಲಿ ಎಚ್‌ಐವಿ ಇದ್ದ ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ಒಂದು ವಿಟಮಿನ್ ಅಧ್ಯಯನ ಶುರುವಾಯ್ತು. ಆಗ ಅವರಿಗೆ ಎಆರ್‌ಟಿ ಮಾತ್ರೆ ಸಿಗ್ತಿರಲಿಲ್ಲ. ಹುಟ್ಟಿದ ಮಕ್ಕಳ ರಕ್ತವನ್ನೂ ನೋಡ್ತಾ ಹೋದ್ರು. ಸೋಂಕು ತಗುಲಿದ ಮಕ್ಕಳಲ್ಲಿ ಮಾತ್ರ ಅಲ್ಲ, ತಗುಲದ ಮಕ್ಕಳಲ್ಲೂ ರಕ್ತಹೀನತೆ ತುಂಬಾ ಇತ್ತು. ರಕ್ತಹೀನತೆ ಇದ್ದ ಮಕ್ಕಳಿಗೆ ಸಾವಿನ ಅಪಾಯವೂ ಜಾಸ್ತಿ ಇತ್ತು. ಇನ್ನೊಂದು ವಿಷಯ: ತಾಯಂದಿರಿಗೆ ಬಿ, ಸಿ, ಇ ವಿಟಮಿನ್ ಕೊಟ್ಟಾಗ ಮಕ್ಕಳ ಹಿಮೋಗ್ಲೋಬಿನ್ ಕೂಡ ಸುಧಾರಿಸಿತು.

ನಾನು ಬಿ.ಕಾಂ. ಓದಿದವನು, ನನಗೆ ಅರ್ಥವಾದ ಹಾಗೆ ಹೇಳ್ತೀನಿ. ಮಗು ಅಮ್ಮನಿಂದ ಕಬ್ಬಿಣಾಂಶದ ಓಪನಿಂಗ್ ಬ್ಯಾಲೆನ್ಸ್ ತಗೊಂಡು ಹುಟ್ಟುತ್ತೆ. ಸುಮಾರು ಆರು ತಿಂಗಳು ಅದರಲ್ಲೇ ಖರ್ಚು ನಡೆಯುತ್ತೆ. ಅಮ್ಮನಿಗೇ ರಕ್ತ ಕಮ್ಮಿ ಇದ್ರೆ, ಮಗು ತಿಂಗಳು ತುಂಬೋ ಮೊದಲೇ ಹುಟ್ಟಿದ್ರೆ, ಬ್ಯಾಲೆನ್ಸೇ ಕಮ್ಮಿ. ಮೇಲಿಂದ ಮಲೇರಿಯಾ, ಪದೇ ಪದೇ ಬರೋ ಸೋಂಕು. ಸೋಂಕು ತಡೆಯೋಕೆ ಕೆಲವು ಶಿಶುಗಳಿಗೆ ಕೊಡೋ ಜಿಡೊವುಡಿನ್ ಔಷಧಿಯಿಂದಲೂ ಹಿಮೋಗ್ಲೋಬಿನ್ ಇಳಿಯಬಹುದು. ಹಾಗಂತ ನೀವೇ ಆ ಔಷಧಿ ನಿಲ್ಲಿಸಬೇಡಿ. ಎಚ್‌ಐವಿಯಿಂದ ಮಗುವನ್ನ ಕಾಪಾಡೋದು ಅದೇ.

ನಮ್ಮಲ್ಲಿ ಇದು ದೂರದ ಕಥೆ ಅಲ್ಲ. 2019-21ರ ಎನ್‌ಎಫ್‌ಎಚ್‌ಎಸ್-5 ಸಮೀಕ್ಷೆ ಪ್ರಕಾರ ಕರ್ನಾಟಕದ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇತ್ತು. ಆ ಸಮೀಕ್ಷೆಯಲ್ಲಿ ಈ ವಯಸ್ಸಿಗೆ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿದ್ರೆ ರಕ್ತಹೀನತೆ ಅಂತ ಲೆಕ್ಕ ಹಾಕಿದ್ರು.

ಅಕ್ಕಾ, ನಿಮ್ಮ ನೆಗೆಟಿವ್ ರಿಪೋರ್ಟ್ ದೊಡ್ಡ ಗೆಲುವೇ. ಆದ್ರೂ ಒಂದ್ಸಲ ಮಗು ಹಿಮೋಗ್ಲೋಬಿನ್ ನೋಡಿಸಿ, ನಿಮ್ಮದೂ ನೋಡಿಸ್ಕೊಳ್ಳಿ. ಆಶಾ ಅಕ್ಕನೋ ಅಂಗನವಾಡಿ ಟೀಚರೋ ಕಬ್ಬಿಣಾಂಶದ ಸಿರಪ್ ಕೊಟ್ಟಿದ್ರೆ ಅದು ಕಪಾಟಲ್ಲಿ ಕೂರದೇ ಇರ್ಲಿ. ಮಗು ಬಿಳಿಚಿಕೊಂಡಿದ್ರೆ, ಸುಸ್ತಾಗಿದ್ರೆ, ಹಾಲು ಕುಡೀತಿಲ್ಲ ಅಂದ್ರೆ ಕಾಯಬೇಡಿ, ಡಾಕ್ಟರ್ ಹತ್ರ ಹೋಗಿ.

ಇದನ್ನ ಕೇಳಬೇಕಾದವರು ಯಾರಾದ್ರೂ ನೆನಪಾದ್ರೆ, ಅವರಿಗೆ ಮಾತ್ರ ಕಳಿಸಿ. ಗ್ರೂಪ್‌ಗೆ ಹಾಕಬೇಡಿ. ಅವರ ವಿಷಯ ಅವರದ್ದೇ ಆಗಿರಲಿ. ಮುಂದಿನ ವಾರ ಸಿಗೋಣ.