ಬಾಲೂ ನಿಂತ ಚುನಾವಣೆ

ಗೌರಿಬಿದನೂರು ವಿಚಾರವಾದಿ ಎಚ್. ನರಸಿಂಹಯ್ಯನವರು ಹುಟ್ಟಿದ ತಾಲ್ಲೂಕು. ಎಲ್ಲರೂ ಒಪ್ಪಿ ಕೈಬಿಟ್ಟ ಮಾತನ್ನು ಇಲ್ಲಿ ಮತ್ತೆ ಕೆದಕಿದರೆ ಯಾರೂ ಬೇಜಾರಾಗುವುದಿಲ್ಲ ಅಂತ ನಂಬಿದ್ದೇನೆ. ಕ್ರಿಕೆಟಿಗ ಪಳವಂಕರ್ ಬಾಲೂ ಅಂದರೆ, 1937ರ ಚುನಾವಣೆಯಲ್ಲಿ ಅಂಬೇಡ್ಕರ್ ಎದುರು ಕಾಂಗ್ರೆಸ್ ನಿಲ್ಲಿಸಿದ ಗೊಂಬೆ ಎಂದು ಒಂದೇ ಮಾತಿನಲ್ಲಿ ಮುಗಿಸುವವರೊಡನೆ ನನ್ನ ತಕರಾರಿದೆ.

ಬಾಲೂ 1876ರಲ್ಲಿ ನಮ್ಮ ಧಾರವಾಡದಲ್ಲಿ, ಚರ್ಮದ ಕೆಲಸದವರ ಜಾತಿಯಲ್ಲಿ ಹುಟ್ಟಿದವರು. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ ಉರುಳಿಸಿ, ನೆಟ್ ಕಟ್ಟಿ, ದೊರೆಗಳಿಗೆ ಗಂಟೆಗಟ್ಟಲೆ ಬೌಲ್ ಮಾಡಿ ಎಡಗೈ ಸ್ಪಿನ್ ಪಳಗಿಸಿಕೊಂಡರು. ಬ್ಯಾಟ್ ಮಾತ್ರ ಅವರ ಕೈಗೆ ಕೊಡುತ್ತಿರಲಿಲ್ಲ. ಚಿಂತಾಮಣಿಯಲ್ಲಿ ನಮಗೆ ಚರಿತ್ರೆ ಹೇಳುತ್ತಿದ್ದ ಮೇಷ್ಟ್ರು ಯಾವ ಯುದ್ಧದ ಪಾಠ ಮುಗಿದರೂ, 'ಕುದುರೆಗೆ ಹುಲ್ಲು ಕೊಯ್ದವನು ಯಾರಪ್ಪಾ?' ಅನ್ನೋರು. ಬಾಲೂ ವಿಷಯ ಓದುವಾಗಲೆಲ್ಲ ಅವರ ದನಿ ಕಿವಿಯಲ್ಲಿ ಬರುತ್ತದೆ.

ಆಮೇಲೆ ಹಿಂದೂಗಳ ತಂಡ ಸೇರಿದರು. ಮೈದಾನದಲ್ಲಿ ಬಾಲೂ ಮುಟ್ಟಿದ ಚೆಂಡನ್ನು ಮೇಲ್ಜಾತಿಯ ಆಟಗಾರರೂ ಮುಟ್ಟುತ್ತಿದ್ದರು. ಚಹಾ ಹೊತ್ತಿಗೆ ಅವರಿಗೆ ಪೆವಿಲಿಯನ್ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ದಲಿತರನ್ನು ಸುಟ್ಟು ಕೊಂದ ಕಂಬಾಲಪಲ್ಲಿ ಇರುವ ಜಿಲ್ಲೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾರತ ತಂಡದ 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಕಿತ್ತು ಬಂದರೂ ಹಿಂದೂಗಳ ತಂಡದ ನಾಯಕತ್ವ ದಕ್ಕಲಿಲ್ಲ. 1920ರಲ್ಲಿ ತಮ್ಮಂದಿರಾದ ವಿಠಲ್, ಶಿವರಾಮ್ ಈ ಅನ್ಯಾಯಕ್ಕೆ ಸಿಡಿದು ತಂಡದಿಂದಲೇ ಹೊರನಡೆದರು. ಮೂರು ವರ್ಷಕ್ಕೆ ಅದೇ ತಂಡಕ್ಕೆ ವಿಠಲ್ ನಾಯಕರಾದರು. ಹಿಂದೂ ಸಮಾಜದ ಒಳಗಿದ್ದುಕೊಂಡೇ ಜಗಳವಾಡಿದರೆ ಬಾಗಿಲು ತೆರೆಯುತ್ತದೆ ಎಂದು ಆ ಮನೆಯವರು ಕಣ್ಣಾರೆ ಕಂಡಿದ್ದರು. ದಲಿತರಿಗೆ ಅಂಬೇಡ್ಕರ್ ಕೇಳಿದ ಪ್ರತ್ಯೇಕ ಮತಕ್ಷೇತ್ರವನ್ನೂ ಅವರಾಡಿದ ಧರ್ಮ ಬಿಡುವ ಮಾತನ್ನೂ ಬಾಲೂ ಒಪ್ಪದೇ ಹೋದದ್ದು ಆ ಅನುಭವದಿಂದ ಎಂದು ನನ್ನ ತಿಳಿವಳಿಕೆ.

1937ರ ಆ ಚುನಾವಣೆಯಲ್ಲಿ ಅಂಬೇಡ್ಕರರಿಗೆ 13,245 ಮತ, ಬಾಲೂಗೆ 11,225. ಅಂಬೇಡ್ಕರ್ ಗೆದ್ದದ್ದು ದೇಶದ ಪುಣ್ಯ.

ಅಮೆರಿಕದಲ್ಲೂ ಕಪ್ಪು ಆಟಗಾರನೊಬ್ಬನನ್ನು ತನ್ನವರ ನಾಯಕನ ಎದುರೇ ನಿಲ್ಲಿಸಿದ್ದುಂಟು. ಬೇಸ್‌ಬಾಲ್‌ನ ಜಾಕಿ ರಾಬಿನ್‌ಸನ್‌ರನ್ನು 1949ರಲ್ಲಿ ಸಂಸತ್ತಿನ ಸಮಿತಿ ಕರೆಸಿತು. ಇನ್ನೊಬ್ಬ ಕಪ್ಪು ಜನನಾಯಕ, ತಾನೂ ಅಮೆರಿಕನ್ ಫುಟ್ಬಾಲ್ ಆಡಿದ್ದ ಗಾಯಕ ಪಾಲ್ ರಾಬ್ಸನ್ ವಿರುದ್ಧ ಮಾತಾಡಿಸಿತು. ವರ್ಣಭೇದದ ಬಗ್ಗೆ ರಾಬಿನ್‌ಸನ್ ಅದೇ ಹೇಳಿಕೆಯಲ್ಲಿ ಖಡಾಖಂಡಿತ ಆಡಿದ ಮಾತು ಹಿಂದೆ ಸರಿಯಿತು, ರಾಬ್ಸನ್ ವಿರುದ್ಧದ ಮಾತು ಪತ್ರಿಕೆಗಳಲ್ಲಿ ಮೆರೆಯಿತು. ಮೆಕ್ಸಿಕೋದ 1968ರ ಒಲಿಂಪಿಕ್ಸ್‌ನಲ್ಲಿ ವರ್ಣಭೇದದ ವಿರುದ್ಧ ಮುಷ್ಟಿ ಎತ್ತಿದ ಓಟಗಾರರಾದ ಸ್ಮಿತ್, ಕಾರ್ಲೋಸ್ ಚಿತ್ರ ನಮ್ಮ ಹುಡುಗರ ಮೊಬೈಲಿನಲ್ಲಿದೆ. ಬಾಲೂ, ರಾಬಿನ್‌ಸನ್‌ರ ಇಕ್ಕಟ್ಟಿಗೆ ಅಂಥ ಚಿತ್ರವಿಲ್ಲ.

ಬಾಲೂ ನಿಂತ ಆ ಕ್ಷೇತ್ರದಲ್ಲಿ ನನಗೆ ಓಟಿದ್ದಿದ್ದರೆ ಅಂಬೇಡ್ಕರರಿಗೇ ಹಾಕುತ್ತಿದ್ದೆ. ಆದರೆ ತನ್ನ ನಂಬಿಕೆಯಿಂದಲೇ ನಿಂತವನು ಬೇರೆಯವರ ಲೆಕ್ಕಾಚಾರಕ್ಕೂ ಒದಗಿಬಂದರೆ, ತಪ್ಪನ್ನು ಯಾರ ತಲೆಗೆ ಕಟ್ಟೋಣ? ಬಾಲೂ ನಿಲ್ಲದೆ ಸುಮ್ಮನಿದ್ದಿದ್ದರೆ ನಾವು ಅವರನ್ನು ಇಂದು ಹೆಚ್ಚು ಗೌರವಿಸುತ್ತಿದ್ದೆವೇ, ಅಥವಾ ಪೂರ್ತಿ ಮರೆತಿರುತ್ತಿದ್ದೆವೇ?